ಸಿ.ಡಿ. ಡ್ರೈವ್ ಇಲ್ಲದ ಕಂಪ್ಯೂಟರಿಗೆ ಹಳೆಯ ಸಾಫ್ಟ್‌ವೇರ್ ಹಾಕುವಾಗ
ಪದವಿ ಕಾಲೇಜೊಂದರ ಪ್ರಯೋಗಾಲಯಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಂಪ್ಯೂಟರುಗಳು ಐದಾರು ವರ್ಷಕ್ಕೊಮ್ಮೆ ಬದಲಾಗುತ್ತವೆ. ಅವುಗಳಿಗೆ ಜೋಡಿಸುವ ಉಪಕರಣಗಳು ಮಾತ್ರ ಹದಿನೈದು ವರ್ಷ ದಾಟಿದರೂ ಚೆನ್ನಾಗಿಯೇ ದುಡಿಯುತ್ತಿರುತ್ತವೆ. ಎಷ್ಟೋ ಉಪಕರಣಗಳ ಸಾಫ್ಟ್‌ವೇರ್ ಉಳಿದಿರುವುದು ಖರೀದಿಯ ದಿನ ಡಬ್ಬದೊಳಗೆ ಬಂದ ಸಿ.ಡಿ.ಯಲ್ಲಷ್ಟೇ, ಆದರೆ ಈಗ ಬರುವ ಕಂಪ್ಯೂಟರುಗಳಲ್ಲಿ ಸಿ.ಡಿ. ಡ್ರೈವ್ ಇರುವುದೇ ಅಪರೂಪ. ಇಂಥಲ್ಲಿ ಸಿ.ಡಿ.ಯ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡುವುದಕ್ಕಿಂತ ಇಡೀ ಸಿ.ಡಿ.ಯನ್ನೇ ಒಂದು ಐಎಸ್‌ಒ ಫೈಲಾಗಿ, ಅಂದರೆ ಡಿಸ್ಕಿನ ಯಥಾವತ್ ಪ್ರತಿಯಾದ ಒಂದೇ ಫೈಲಾಗಿ, ಮಾಡಿಟ್ಟುಕೊಳ್ಳುವುದು ಮೇಲು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

ರಸಾಯನಶಾಸ್ತ್ರ ವಿಭಾಗದ ಸ್ಪೆಕ್ಟ್ರೋಫೋಟೋಮೀಟರಿನ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರಿಗೆ ಹಾಕುವಾಗ ಇದು ಸ್ಪಷ್ಟವಾಯಿತು. ಪೆನ್‌ಡ್ರೈವಿನಿಂದ ಸೆಟಪ್ ಆರಂಭವಾಗಿ, ಪ್ರಗತಿ ತೋರಿಸುವ ಪಟ್ಟಿ ಅರ್ಧದವರೆಗೆ ತುಂಬಿ, ಡಿಸ್ಕ್ ಹಾಕಿರೆಂಬ ಸಂದೇಶದೊಡನೆ ನಿಂತುಬಿಟ್ಟಿತು. "ಸರ್, ಡಿಸ್ಕ್ ಹಾಕಿ ಅಂತಿದೆ, ಹಾಕೋಕೆ ಜಾಗ ಎಲ್ಲಿದೆ?" ಎಂದು ಲ್ಯಾಬ್ ಸಹಾಯಕರು ಕೇಳಿದರು. ಹಳೆಯ ಸೆಟಪ್‌ಗಳಲ್ಲಿ ಕೆಲವು, ಫೈಲುಗಳ ಜೊತೆಗೆ ಡಿಸ್ಕಿನ ಹೆಸರನ್ನೂ, ಅಂದರೆ ವಾಲ್ಯೂಮ್ ಲೇಬಲ್ಲನ್ನೂ, ಪರಿಶೀಲಿಸುತ್ತವೆ. ಫೈಲುಗಳನ್ನಷ್ಟೇ ನಕಲು ಮಾಡಿದರೆ ಆ ಹೆಸರು ಜೊತೆಗೆ ಬರುವುದಿಲ್ಲ. ಐಎಸ್‌ಒ ಫೈಲಿನಲ್ಲಿ ಬರುತ್ತದೆ.

ಡ್ರೈವ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಇಮ್ಗ್‌ಬರ್ನ್‌ನಂಥ ಉಚಿತ ಸಾಫ್ಟ್‌ವೇರಿನಿಂದ ಈ ಫೈಲನ್ನು ಮಾಡಬಹುದು. ಸಿ.ಡಿ. ತುಂಬಿದ್ದರೂ ಅದರ ಗಾತ್ರ ಸುಮಾರು 700 ಎಂಬಿ. ಗೀರು ಬಿದ್ದ ಡಿಸ್ಕಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಓದುವ ವೇಗವನ್ನು ತಗ್ಗಿಸಿದರೆ ಹಲವು ಬಾರಿ ಓದಿಸಿಕೊಳ್ಳುತ್ತದೆ. ವಿಂಡೋಸ್ 8 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಈ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಮೌಂಟ್ ಆಯ್ದರೆ ಸಾಕು, ಹೊಸದೊಂದು ಡ್ರೈವ್ ಅಕ್ಷರ ಕಾಣಿಸಿಕೊಂಡು ಸೆಟಪ್ ಅದನ್ನು ನಿಜವಾದ ಡಿಸ್ಕೆಂದೇ ಪರಿಗಣಿಸುತ್ತದೆ. ಒಂದು ಎಚ್ಚರಿಕೆ ಮುಖ್ಯ: ಕಂಪ್ಯೂಟರ್ ರೀಸ್ಟಾರ್ಟ್ ಆದೊಡನೆ ಈ ಮೌಂಟ್ ಕಳಚಿಕೊಳ್ಳುತ್ತದೆ. ನಡುವೆ ರೀಸ್ಟಾರ್ಟ್ ಕೇಳುವ ಸಾಫ್ಟ್‌ವೇರ್ ಆಗಿದ್ದರೆ, ಲಾಗಿನ್ ಆದ ಕೂಡಲೇ ಮತ್ತೆ ಮೌಂಟ್ ಮಾಡಿ, ಡ್ರೈವ್ ಅಕ್ಷರ ಮೊದಲಿನದೇ ಇದೆಯೇ ಎಂದು ನೋಡಿ ಮುಂದುವರಿಸಬೇಕು.

ನಕಲು ತಡೆ ಇರುವ ಡಿಸ್ಕುಗಳಿಗೆ ಈ ದಾರಿ ಸಾಲದೆ ಹೋಗಬಹುದು. ಅವಕ್ಕೆ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವನ್ನೇ ಬಳಸಬೇಕು. 16 ಬಿಟ್ ಕಾಲದ, ಅಂದರೆ ವಿಂಡೋಸ್ 3.1ರಂಥ ಹಳೆಯ ವಿಂಡೋಸ್‌ಗಾಗಿ ಬರೆದ, ಸೆಟಪ್ ಮಾತ್ರ 64 ಬಿಟ್ ವಿಂಡೋಸ್‌ನಲ್ಲಿ ಯಾವ ಡ್ರೈವಿನಿಂದಲೂ ನೇರವಾಗಿ ನಡೆಯುವುದಿಲ್ಲ. ಡಿವಿಡಿಯ ಐಎಸ್‌ಒ ಆದರೆ 4 ಜಿಬಿ ಮೀರಬಹುದು. ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಅಷ್ಟು ದೊಡ್ಡ ಒಂದೇ ಫೈಲನ್ನು ಹಿಡಿಸಿಕೊಳ್ಳದ ಕಾರಣ, ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ.

ಹೀಗೆ ಪ್ರತಿ ಮಾಡುವುದು ಸರಿಯೇ ಎಂದು ಅಧ್ಯಾಪಕರು ಕೇಳುವುದುಂಟು, ಕೇಳಬೇಕಾದದ್ದೇ. ಸಾಫ್ಟ್‌ವೇರನ್ನು ಕಾನೂನುಬದ್ಧವಾಗಿ ಹೊಂದಿದವರು ಅದು ಹಾಳಾಗದಂತೆ, ಕೊಂಡ ಉದ್ದೇಶಕ್ಕಷ್ಟೇ ಬಳಸಲು, ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ.

ಐಎಸ್‌ಒ ಫೈಲಿನ ಪಕ್ಕದಲ್ಲಿಯೇ ಸೀರಿಯಲ್ ನಂಬರನ್ನೂ ಇಡುತ್ತೇನೆ. ಅದು ಸಾಮಾನ್ಯವಾಗಿ ಡಿಸ್ಕಿನೊಳಗೆ ಇರದೆ ಕಾಗದದ ಕವರಿನ ಮೇಲೆ ಅಚ್ಚಾಗಿರುತ್ತದೆ. ಆದ್ದರಿಂದ ಆ ಕವರಿನ ಎರಡೂ ಬದಿಗಳ ಫೋಟೋ ತೆಗೆದು, ಉಪಕರಣದ ಸ್ಟಾಕ್ ರಿಜಿಸ್ಟರ್ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು, ಅದೇ ಫೋಲ್ಡರಿನಲ್ಲಿ ಸೇರಿಸುತ್ತೇನೆ.