ಫೋಟಾನಿಗೆ ಅಳತೆ ಇದೆಯೇ? ಒಂದು ರಾಗಿಕಾಳು, ಒಂದು ಕೂದಲು, ಎರಡು ಎಕರೆ ಗದ್ದೆ

ಬೆಳಕಿನ ಕಣವಾದ ಫೋಟಾನ್ ಎಷ್ಟು ದೊಡ್ಡದು ಎಂದು ಕೇಳಿದರೆ ತರಂಗದೂರವನ್ನೇ, ಅಂದರೆ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರವನ್ನೇ, ಅದರ ಉದ್ದವೆಂದು ಹೇಳಿಬಿಡುವವರು ಬಹಳ. ಆ ಲೆಕ್ಕಕ್ಕೆ ಮೈಸೂರು ಆಕಾಶವಾಣಿಯ 100.6 ಮೆಗಾಹರ್ಟ್ಸ್ ಎಫ್‌ಎಂ ಫೋಟಾನ್ 2.98 ಮೀಟರ್, ಕೆಂಪು ಲೇಸರಿನದು 650 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). ಆದರೆ ಕಣ್ಣಿನಲ್ಲಿ ಆ ಕೆಂಪು ಫೋಟಾನನ್ನು ನುಂಗುವುದು ರೆಟಿನಲ್ ಎಂಬ ಒಂದೇ ಅಣು. ತರಂಗದೂರದ ನೂರನೇ ಒಂದು ಪಾಲೂ ಇಲ್ಲದ ಅಣು ಅದನ್ನು ಇಡಿಯಾಗಿ ನುಂಗುತ್ತದೆ, ಅರ್ಧ ಬಿಡುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಒಂಟಿ ಸೋಡಿಯಂ ಪರಮಾಣು ಹಳದಿ ಬೆಳಕು ಬಿಡಲು ಸರಾಸರಿ 16 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಬೆಳಕು ಓಡುವ ದೂರ ಸುಮಾರು 5 ಮೀಟರ್. ತರಂಗದೂರ 589 ನ್ಯಾನೋಮೀಟರ್, ಅಲೆಯ ಸಾಲು 5 ಮೀಟರ್. ಇವೆರಡರಲ್ಲಿ ಯಾವುದು ಫೋಟಾನಿನ ಅಳತೆ? ಎರಡೂ ಅಲ್ಲ. ಫೋಟಾನ್ ಎಲ್ಲಿ ಸಿಗಬಹುದು ಎಂಬ ಹರವಿಗೆ ಅಳತೆ ಉಂಟು, ಫೋಟಾನಿಗೇ ಮೈ ಅಂತ ಒಂದಿಲ್ಲ. ವಿಡಿಯೊಗಳಲ್ಲಿ ಗೋಲಿಯಂತೆ ಹಾರುವ ಹಳದಿ ಗುಂಡು ಚಿತ್ರ ಬರೆದವರ ಅನುಕೂಲಕ್ಕಷ್ಟೇ.

ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ನಲ್ಲಿರುವ ಪ್ರೋಟಾನಿನ ವಿಷಯ ಬೇರೆ. ಅದರೊಳಗೆ ಕ್ವಾರ್ಕ್ ಎಂಬ ಇನ್ನೂ ಸಣ್ಣ ಕಣಗಳಿವೆ, ನಿಜವಾದ ಹರವು ಇದೆ: ತ್ರಿಜ್ಯ 0.84 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು). 2010ರವರೆಗೆ ಒಪ್ಪಿದ ಅಂಕಿ 0.88ರ ಆಸುಪಾಸಿನಲ್ಲಿತ್ತು. ಹೈಡ್ರೋಜನ್ ಪರಮಾಣುವಿನಲ್ಲಿ ಪ್ರೋಟಾನನ್ನು ಸುತ್ತುವ ಎಲೆಕ್ಟ್ರಾನಿನ ಜಾಗದಲ್ಲಿ, ಅದೇ ಜಾತಿಯ ಆದರೆ 207 ಪಟ್ಟು ಭಾರದ ಮ್ಯುವಾನ್ ಎಂಬ ಕಣವನ್ನು ಕೂರಿಸಿ ಅಳೆದಾಗ 0.84 ಬಂತು. ಮ್ಯುವಾನ್ ಪ್ರೋಟಾನಿಗೆ ತೀರ ಹತ್ತಿರ ಸುತ್ತುವುದರಿಂದ ಪ್ರೋಟಾನಿನ ಗಾತ್ರ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ಈ ಪ್ರೋಟಾನನ್ನು 1.7 ಮಿಲಿಮೀಟರಿನ ದಪ್ಪ ರಾಗಿಕಾಳಿನಷ್ಟು ಹಿಗ್ಗಿಸಿ ಮಂಡ್ಯದ ಒಂದು ಗದ್ದೆಯ ನಡುವೆ ಇಡೋಣ. ಹೈಡ್ರೋಜನ್ ಪರಮಾಣುವಿನ ಅಂಚು ಅಲ್ಲಿಂದ 53 ಮೀಟರ್ ಆಚೆ. ಆ ವೃತ್ತದ ವಿಸ್ತೀರ್ಣ ಎರಡು ಎಕರೆ ಏಳು ಗುಂಟೆ. ಅದೇ ಅಳತೆಯಲ್ಲಿ ಕೆಂಪು ಬೆಳಕಿನ ಒಂದು ಅಲೆ 650 ಕಿಲೋಮೀಟರ್, ಬೀದರ್ ದಾಟುತ್ತದೆ. ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಪರಮಾಣು ಕಾಣದಿರುವುದು ಇದಕ್ಕೇ.

ಅಲೆಯಿಂದ ವಸ್ತುವನ್ನು ಅಳೆಯುವುದು ಹೇಗೆಂದು ಮನೆಯಲ್ಲೇ ನೋಡಬಹುದು. ಹಳೇ ಲಗ್ನಪತ್ರಿಕೆಯಲ್ಲಿ ಪಂಚಿಂಗ್ ಮೆಷಿನ್ನಿನಿಂದ ಒಂದು ತೂತು ಮಾಡಿ, ಅದರ ಮೇಲೆ ಒಂದು ಕೂದಲನ್ನು ಬಿಗಿಯಾಗಿ ಎಳೆದು ಟೇಪ್ ಹಾಕಿ. ಕೂದಲಿನಿಂದ ಸರಿಯಾಗಿ 3 ಮೀಟರ್ ದೂರದ ಗೋಡೆಗೆ ಬಿಳಿ ಹಾಳೆ ಅಂಟಿಸಿ. ಕೆಂಪು ಲೇಸರ್ ಪಾಯಿಂಟರನ್ನು ಪುಸ್ತಕಗಳ ಮೇಲಿಟ್ಟು, ಕಿರಣ ಕೂದಲಿಗೆ ತಾಗಿ ತೂತಿನ ಮೂಲಕ ಹಾಳೆಗೆ ಬೀಳುವಂತೆ ಪತ್ರಿಕೆಯನ್ನು ಅದರ ಮುಂದೆ ನಿಲ್ಲಿಸಿ, ಗುಂಡಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿ. ಕೈಯಲ್ಲಿ ಹಿಡಿದರೆ ಗೆರೆಗಳು ನಡುಗುತ್ತವೆ. ಸಂಜೆಯಾದ ಮೇಲೆ ಮಾಡಿ. ಎದುರಿಗೆ ಕನ್ನಡಿ, ಸ್ಟೀಲ್ ಪಾತ್ರೆ ಇರಕೂಡದು, ಕಿರಣದ ಮಟ್ಟಕ್ಕೆ ಯಾರೂ ಕಣ್ಣು ತರಕೂಡದು.

ಕೂದಲಿಗೆ ಅಡ್ಡಲಾಗಿ, ನಡುವಿನ ಪ್ರಖರ ಚುಕ್ಕೆಯ ಎರಡೂ ಬದಿಗೆ ಬೆಳಕು ಕತ್ತಲೆಯ ಸಾಲು ಮೂಡುತ್ತದೆ. ಎಡಕ್ಕೆ ಐದನೇ ಕತ್ತಲು, ಬಲಕ್ಕೆ ಐದನೇ ಕತ್ತಲು ಗುರುತಿಸಿ, ಎರಡರ ನಡುವಿನ ದೂರವನ್ನು 10ರಿಂದ ಭಾಗಿಸಿ. ನಡುವಿನ ಅಗಲ ಪಟ್ಟಿ ಎರಡು ಅಂತರಕ್ಕೆ ಸಮ. ಅದನ್ನು ಒಂದೆಂದು ಎಣಿಸಿ 9ರಿಂದ ಭಾಗಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಒಂದು ಅಂತರ 24 ಮಿಲಿಮೀಟರ್ ಬಂದರೆ, ಎಲ್ಲವನ್ನೂ ಮಿಲಿಮೀಟರಿನಲ್ಲಿ ಇಟ್ಟು: ತರಂಗದೂರ 0.00065 ಗುಣಿಸು ಗೋಡೆಯ ದೂರ 3000, ಭಾಗಿಸು 24. ಕೂದಲಿನ ದಪ್ಪ 0.081 ಮಿಲಿಮೀಟರ್. ಎಣ್ಣೆ ಹಚ್ಚಿದ ಕೂದಲು ಬೇಡ, ಗೆರೆ ಕದಡುತ್ತದೆ; ಸೋಪಿನಲ್ಲಿ ತೊಳೆದು ಒಣಗಿಸಿ. ಪಾಯಿಂಟರ್ ಚೀಟಿಯಲ್ಲಿ ತರಂಗದೂರ 630–680 ನ್ಯಾನೋಮೀಟರ್ ಎಂದಿದ್ದರೆ ಉತ್ತರದಲ್ಲೂ ನೂರಕ್ಕೆ ನಾಲ್ಕರಷ್ಟು ಏರುಪೇರು ಇಟ್ಟುಕೊಳ್ಳಿ. ಗಮನಿಸಿ, ಕೂದಲು ಸಣ್ಣದಾದಷ್ಟೂ ಗೆರೆಗಳು ದೂರ ದೂರ ಸರಿಯುತ್ತವೆ.

1950ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಭೌತವಿಜ್ಞಾನಿ ರಾಬರ್ಟ್ ಹಾಫ್‌ಸ್ಟಾಟರ್ ಮಾಡಿದ್ದೂ ಇದೇ ಜಾತಿಯ ಕೆಲಸ. ಅಲ್ಲಿ ಕೂದಲಿನ ಬದಲು ನ್ಯೂಕ್ಲಿಯಸ್, ಲೇಸರಿನ ಬದಲು ಎಲೆಕ್ಟ್ರಾನ್ ಕಿರಣ. 200 ಎಂಇವಿ (ಇಪ್ಪತ್ತು ಕೋಟಿ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯಲ್ಲಿ ಎಲೆಕ್ಟ್ರಾನಿನ ತರಂಗದೂರ 6.2 ಫೆಮ್ಟೋಮೀಟರಿಗೆ ಇಳಿಯುತ್ತದೆ, ನ್ಯೂಕ್ಲಿಯಸ್ ಅಳೆಯಲು ಅದು ಸಾಕು. 1961ರಲ್ಲಿ ಅವರಿಗೆ ನೊಬೆಲ್ ಬಂತು.

ಎಲೆಕ್ಟ್ರಾನನ್ನೇ ಹೀಗೆ ಅಳೆಯಹೊರಟರೆ ಮಾತ್ರ ಎಷ್ಟು ಶಕ್ತಿ ಹಾಕಿದರೂ ಅದು ಬಿಂದುವಿನಂತೆಯೇ ವರ್ತಿಸುತ್ತದೆ. ಗಾತ್ರವೇನಾದರೂ ಇದ್ದರೆ 0.001 ಫೆಮ್ಟೋಮೀಟರಿಗಿಂತ ಕಡಿಮೆ. ನಮ್ಮ ಎರಡು ಎಕರೆ ಗದ್ದೆಯಲ್ಲಿ ಅದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಸಣ್ಣದು, ರಾಗಿಹಿಟ್ಟಿನ ಕಣಕ್ಕಿಂತಲೂ ಎಷ್ಟೋ ನುಣುಪು.