ಚೆತಾರ: ಉಪ್ಪು, ಮೀನು ಮತ್ತು ಒಂದು ಊರಿನ ದುಡಿಮೆ

ಇಟಲಿಯ ಅಮಾಲ್ಫಿ ಕರಾವಳಿ ಎಂದೊಡನೆ ಪ್ರವಾಸಿಗರ ಮನಸ್ಸಿಗೆ ಬರುವುದು ಪೊಸಿತಾನೊ, ಅಮಾಲ್ಫಿ, ರವೆಲ್ಲೊ ಎಂಬ ಮೂರು ಹೆಸರುಗಳು. ಅದೇ ಕರಾವಳಿಯ ಪೂರ್ವದ ತುದಿಯಲ್ಲಿ, ಸಲೆರ್ನೊ ನಗರದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಚೆತಾರ ಎಂಬ ಪುಟ್ಟ ಊರಿದೆ. ಎರಡು ಸಾವಿರದಷ್ಟು ಜನ ವಾಸಿಸುವ ಈ ಊರನ್ನು ಹೆಚ್ಚಿನ ಬಸ್ಸುಗಳ ಪ್ರಯಾಣಿಕರು ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಈ ಇಡೀ ಕರಾವಳಿಯನ್ನು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಇಲ್ಲಿನ ಬಹುಪಾಲು ಊರುಗಳು ಪ್ರವಾಸಿಗರನ್ನೇ ನೆಚ್ಚಿಕೊಂಡಿವೆ. ಚೆತಾರಕ್ಕೂ ಪ್ರವಾಸಿಗರು ಬೇಕು, ಆದರೆ ಅದು ಮೊದಲು ಮೀನುಗಾರರ ಊರು, ಆಮೇಲೆ ಉಳಿದದ್ದು. ನಾನು ಅಲ್ಲಿಗೆ ಹೋದದ್ದು ಈ ಕಾರಣಕ್ಕಾಗಿಯೇ, ಊರಿನ ಬಗ್ಗೆ ಬರೆಯುತ್ತಿರುವುದೂ ಅದಕ್ಕಾಗಿಯೇ.

ನಾನಿರುವ ಟುರಿನ್ ನಗರದಿಂದ ಸಲೆರ್ನೊಗೆ ವೇಗದ ರೈಲು ನೇರವಾಗಿ ಹೋಗುತ್ತದೆ. ಅಲ್ಲಿಂದ ಮುಂದೆ ಬಸ್ಸು; ಬೇಸಿಗೆಯಲ್ಲಾದರೆ ದೋಣಿಯೂ ಉಂಟು. ಬಸ್ಸಿನ ಟಿಕೆಟ್ಟನ್ನು ಹತ್ತುವ ಮೊದಲೇ ತಂಬಾಕಿನ ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಪಿಂಗಾಣಿ ಕೆಲಸಕ್ಕೆ ಹೆಸರಾದ ವಿಯೆತ್ರಿ ಪಟ್ಟಣವನ್ನು ದಾಟಿದ ಮೇಲೆ ರಸ್ತೆ ಬಂಡೆಯ ಅಂಚಿನಲ್ಲೇ ಸುತ್ತಿಕೊಂಡು ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ದಕ್ಷಿಣ ಇಟಲಿಯನ್ನಾಳಿದ ಬೂರ್ಬೊನ್ ಅರಸರ ಕಾಲದಲ್ಲಿ ಕಡಿದ ದಾರಿ ಇದು. ಅದಕ್ಕೂ ಮೊದಲು ಈ ಊರುಗಳಿಗೆ ಸಮುದ್ರವೇ ಹೆದ್ದಾರಿಯಾಗಿತ್ತು, ಬೆಟ್ಟದ ಮೇಲೆ ಹೇಸರಗತ್ತೆಗಳು ನಡೆಯುವ ಕಾಲುದಾರಿಗಳಷ್ಟೇ ಇದ್ದವು.

ಊರು ಒಂದು ಕಿರಿದಾದ ಕಣಿವೆಯಲ್ಲಿದೆ. ಎರಡೂ ಬದಿಯ ಬೆಟ್ಟಗಳಲ್ಲಿ ಕಲ್ಲಿನ ಗೋಡೆ ಕಟ್ಟಿ ಮಾಡಿದ ಮೆಟ್ಟಿಲುಗದ್ದೆಗಳಂಥ ತಟ್ಟುಗಳಿದ್ದು, ಅವುಗಳಲ್ಲಿ ಚೆಸ್ಟ್‌ನಟ್ ಗಳುಗಳ ಚಪ್ಪರದಡಿ ಉದ್ದನೆಯ ಅಮಾಲ್ಫಿ ನಿಂಬೆ ಬೆಳೆಯುತ್ತದೆ. ಮುಖ್ಯ ಬೀದಿ ಒಂದೇ. ಅದು ಇಳಿಯುತ್ತ ಹೋಗಿ ಬಂದರಿನಲ್ಲಿ ಮುಗಿಯುತ್ತದೆ. ಸಂತ ಪೀಟರನ ಚರ್ಚಿನ ಗುಮ್ಮಟಕ್ಕೆ ಹೊಳೆಯುವ ಬಣ್ಣದ ಹೆಂಚುಗಳನ್ನು ಹೊದಿಸಿದ್ದಾರೆ. ಪೀಟರ್ ಸ್ವತಃ ಬೆಸ್ತನಾಗಿದ್ದವನು, ಆದ್ದರಿಂದ ಈ ಊರಿಗೆ ಅವನಿಗಿಂತ ಹತ್ತಿರದ ಸಂತ ಬೇರೊಬ್ಬನಿಲ್ಲ. ಜೂನ್ 29ರಂದು ಮೀನುಗಾರರೇ ಅವನ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಕಡಲ ದಂಡೆಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ.

ದಂಡೆಯ ಪಕ್ಕದಲ್ಲಿ ಒಂದು ಕಲ್ಲಿನ ಕಾವಲುಗೋಪುರವಿದೆ. ಒಂಬತ್ತನೆಯ ಶತಮಾನದಲ್ಲಿ ಅರಬ್ ಕಡಲಾಳುಗಳು ಇಲ್ಲಿ ಬೀಡುಬಿಟ್ಟಿದ್ದರೆಂದು ಚರಿತ್ರೆ ಹೇಳುತ್ತದೆ. 1534ರಲ್ಲಿ ಸಿನಾನ್ ಪಾಷಾನ ತುರ್ಕಿ ಹಡಗುಗಳು ದಾಳಿಯಿಟ್ಟು, ಮುನ್ನೂರರಷ್ಟು ಜನರನ್ನು ಗುಲಾಮರನ್ನಾಗಿ ಹಿಡಿದೊಯ್ದವು. ಇಷ್ಟು ಚಿಕ್ಕ ಊರಿನಿಂದ ಮುನ್ನೂರು ಜನರೆಂದರೆ ಎಷ್ಟು ಮನೆಗಳು ಬರಿದಾಗಿರಬೇಕು ಎಂಬ ಯೋಚನೆ ಆ ಗೋಪುರದ ಬುಡದಲ್ಲಿ ನಿಂತಾಗ ಬಾರದೆ ಇರುವುದಿಲ್ಲ. ಅಂಥ ಭಯದ ನಡುವೆಯೂ ಕಡಲನ್ನು ಬಿಟ್ಟು ಬೆಟ್ಟ ಹತ್ತದೆ ಉಳಿದವರ ಮಕ್ಕಳು ಮೊಮ್ಮಕ್ಕಳ ಸಂತತಿ ಇಂದಿಗೂ ಅದೇ ದಂಡೆಯಿಂದ ದೋಣಿ ಇಳಿಸುತ್ತದೆ.

ನಾನು ಹೋದದ್ದು ಜೂನ್ ತಿಂಗಳಲ್ಲಿ. ಕರಾವಳಿಯ ಓದುಗರಿಗೆ ತಿಳಿದಿರುವಂತೆ, ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಮಲ್ಪೆಯಿಂದ ಕಾರವಾರದವರೆಗೆ ಬೋಟುಗಳೆಲ್ಲ ಲಂಗರು ಹಾಕಿರುತ್ತವೆ. ಚೆತಾರದಲ್ಲಿ ಅದೇ ಹೊತ್ತು ಆಂಚೊವಿಯ ಸುಗ್ಗಿ. ಇದು ನಮ್ಮ ಕೊಲ್ಲತರುವಿನ ಬಳಗಕ್ಕೆ ಸೇರಿದ, ಬೆರಳಿನುದ್ದದ ಬೆಳ್ಳಿಬಣ್ಣದ ಮೀನು. ಮಾರ್ಚ್ 25ರ ಮೇರಿಯ ಹಬ್ಬದಿಂದ ಜುಲೈ 22ರ ಮಗ್ದಲೇನಳ ಹಬ್ಬದವರೆಗೆ ಹಿಡಿದ ಮೀನೇ ಉಪ್ಪಿಗೆ ಯೋಗ್ಯವೆಂಬುದು ಇಲ್ಲಿನ ಹಳೆಯ ಲೆಕ್ಕ. ಕತ್ತಲ ರಾತ್ರಿಗಳಲ್ಲಿ ದೋಣಿಯ ಮೇಲೆ ದೊಡ್ಡ ದೀಪ ಹಚ್ಚಿ, ಬೆಳಕಿಗೆ ಮೇಲೆದ್ದು ಬರುವ ಮೀನಿನ ಹಿಂಡನ್ನು ಸುತ್ತುಬಲೆಯಿಂದ ಬಳಸಿ ಹಿಡಿಯುತ್ತಾರೆ. ಈ ಪದ್ಧತಿಗೆ ಲಂಪಾರ ಎಂದು ಹೆಸರು. ನಮ್ಮ ಕೇಂದ್ರ ಸರ್ಕಾರ 2017ರಲ್ಲಿ ಲೈಟ್ ಫಿಶಿಂಗನ್ನು ನಿಷೇಧಿಸಿದೆಯಲ್ಲ, ಇಲ್ಲೇಕೆ ನಡೆಯುತ್ತದೆ ಎಂದು ನಮ್ಮ ಮೀನುಗಾರರು ಕೇಳಬಹುದು. ಇಲ್ಲಿ ಅಂಥ ನಿಷೇಧವಿಲ್ಲ, ಆದರೆ ಒಂಬತ್ತು ಸೆಂಟಿಮೀಟರಿಗಿಂತ ಚಿಕ್ಕ ಆಂಚೊವಿಯನ್ನು ಹಿಡಿಯಬಾರದೆಂದು ಮೆಡಿಟರೇನಿಯನ್ನಿನಲ್ಲಿ ಐರೋಪ್ಯ ಒಕ್ಕೂಟದ ಕಾನೂನು ಇದೆ. ಆದರೂ ಬೆಳಕಿನ ಬಲೆ ಎಲ್ಲಿದ್ದರೂ ಲಗಾಮಿಲ್ಲದೆ ಬಿಡಬಾರದ ಬಲೆ ಎಂಬುದೇ ನನ್ನ ಅಭಿಪ್ರಾಯ.

ಈ ಮೀನಿನಿಂದ ಚೆತಾರದವರು ತಯಾರಿಸುವ ಕೊಲತೂರ ಎಂಬ ಉಪ್ಪುರಸವೇ ಊರಿನ ನಿಜವಾದ ಸಂಪತ್ತು. ಬಂದರಿನಿಂದ ಬಂದ ತಾಜಾ ಮೀನಿನ ತಲೆಯನ್ನೂ ಕರುಳನ್ನೂ ಚಾಕುವಿಲ್ಲದೆ, ಬೆರಳುಗಳಿಂದ ಒಂದೇ ಸೆಳೆತಕ್ಕೆ ತೆಗೆದುಬಿಡುತ್ತಾರೆ. ತೆರ್ಜಿನ್ಯೊ ಎಂಬ ಚೆಸ್ಟ್‌ನಟ್ ಮರದ ಚಿಕ್ಕ ಪೀಪಾಯಿಯಲ್ಲಿ ಒಂದು ಪದರ ಮೀನು, ಒಂದು ಪದರ ಸಮುದ್ರದ ಉಪ್ಪು, ಒಂದು ಮೀನಿನ ಬಾಲದ ಕಡೆಗೆ ಮುಂದಿನ ಮೀನಿನ ತಲೆಭಾಗ ಬರುವಂತೆ ಒತ್ತೊತ್ತಾಗಿ ಜೋಡಿಸುತ್ತ ಬಾಯಿಯವರೆಗೆ ತುಂಬುತ್ತಾರೆ. ಮೇಲೆ ಮರದ ಮುಚ್ಚಳ, ಮುಚ್ಚಳದ ಮೇಲೆ ಕಡಲ ದಂಡೆಯಿಂದ ತಂದ ಗುಂಡುಕಲ್ಲುಗಳು. ಉಪ್ಪು ಮತ್ತು ಭಾರ ಸೇರಿ ಮೀನಿನ ನೀರನ್ನು ನಿಧಾನವಾಗಿ ಹೊರಡಿಸುತ್ತವೆ. ಮೇಲೆದ್ದು ಬರುವ ಆ ದ್ರವವನ್ನು ಹಿಂದಿನವರು ಗಾಜಿನ ಭರಣಿಗಳಲ್ಲಿ ತುಂಬಿ ಬಿಸಿಲಿಗಿಟ್ಟು, ನೀರಿನಂಶ ಇಂಗಿ ಸಾರ ಗಟ್ಟಿಯಾಗುವಂತೆ ಮಾಡುತ್ತಿದ್ದರು. ಚಳಿಗಾಲದ ಹೊಸ್ತಿಲಲ್ಲಿ ಆ ರಸವನ್ನು ಅದೇ ಪೀಪಾಯಿಗೆ ಮೇಲಿನಿಂದ ಮತ್ತೆ ಸುರಿಯುತ್ತಾರೆ. ಅದು ಹಣ್ಣಾದ ಮೀನಿನ ಪದರಗಳ ನಡುವೆ ಇಳಿದು ಬಂದು, ಬುಡದಲ್ಲಿ ಕೊರೆದ ಸಣ್ಣ ತೂತಿನಿಂದ ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಬೀಳುತ್ತದೆ. ಬಣ್ಣದಲ್ಲಿ ಅದು ತಿಳಿಯಾದ ಜೋನಿಬೆಲ್ಲದಂತಿರುತ್ತದೆ.

ನಾನು ನೋಡಿದ ಕಾರ್ಖಾನೆ ಎರಡು ಕೋಣೆಗಳಷ್ಟು ದೊಡ್ಡದು. ಉಪ್ಪು ಹಾಕುತ್ತಿದ್ದ ಹಿರಿಯ ಹೆಂಗಸು ಮಾತಾಡುತ್ತಲೇ ಕೈ ನಿಲ್ಲಿಸಲಿಲ್ಲ. ಉಪ್ಪು ಎಷ್ಟೆಂದು ಹೇಗೆ ಗೊತ್ತಾಗುತ್ತದೆಂದು ಕೇಳಿದ್ದಕ್ಕೆ, ಮೀನಿನ ಕೊಬ್ಬು ನೋಡಿಕೊಂಡು ಕೈಯೇ ಹೇಳುತ್ತದೆ ಎಂದರು. ಮಳೆಗಾಲಕ್ಕೆಂದು ಬೂತಾಯಿ, ಬಂಗುಡೆಗಳಿಗೆ ಉಪ್ಪು ಹಾಕುವುದನ್ನು ನೋಡುತ್ತ ಬೆಳೆದ ನನಗೆ ಈ ಉತ್ತರದಲ್ಲಿ ಏನೂ ಕೊರತೆ ಕಾಣಲಿಲ್ಲ.

ಈ ರಸದ ವಂಶ ಬಹಳ ಹಳೆಯದು. ಪ್ರಾಚೀನ ರೋಮನ್ನರು ಗರುಮ್ ಎಂಬ ಮೀನುರಸವನ್ನು ಸಾಮ್ರಾಜ್ಯದ ಉದ್ದಗಲಕ್ಕೂ ಬಳಸುತ್ತಿದ್ದರು. ಚೆತಾರಕ್ಕೆ ಹೋಗುವವರು ಹತ್ತಿರದ ಪೊಂಪೇಯಿಯನ್ನೂ ನೋಡುವುದು ವಾಡಿಕೆಯಾದ್ದರಿಂದ ಈ ಮಾತು ಹೇಳಬೇಕು: ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಆ ನಗರದಲ್ಲಿ ಔಲುಸ್ ಉಂಬ್ರಿಕಿಯುಸ್ ಸ್ಕೌರುಸ್ ಎಂಬ ಗರುಮ್ ವ್ಯಾಪಾರಿಯಿದ್ದ. ಅವನ ಮನೆಯ ನೆಲದ ಮೊಸಾಯಿಕ್‌ನಲ್ಲಿ ಮೀನುರಸದ ಜಾಡಿಗಳನ್ನೇ ಚಿತ್ರಿಸಲಾಗಿತ್ತು. ರೋಮಿನ ನಂತರ ಮರೆತುಹೋಗಿದ್ದ ಈ ಕೆಲಸವನ್ನು ಮಧ್ಯಯುಗದಲ್ಲಿ ಅಮಾಲ್ಫಿಯ ಕಡೆಯ ಕ್ರೈಸ್ತ ಸನ್ಯಾಸಿಗಳು, ತಮ್ಮ ಉಪ್ಪುಮೀನಿನ ಪೀಪಾಯಿಗಳ ಸಂದಿನಿಂದ ಜಿನುಗಿದ ರಸವನ್ನು ಕಂಡು ಮತ್ತೆ ಹಿಡಿದರೆಂಬುದು ಸ್ಥಳೀಯರ ನಂಬಿಕೆ.

2020ರಲ್ಲಿ ಐರೋಪ್ಯ ಒಕ್ಕೂಟ ಚೆತಾರದ ಕೊಲತೂರಕ್ಕೆ ಮೂಲಸ್ಥಾನದ ರಕ್ಷಣೆ ನೀಡಿತು. ನಮ್ಮ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಜಿಐ (ಭೌಗೋಳಿಕ ಸೂಚಕ) ಗುರುತಿನ ಹಾಗೆಯೇ ಇದೂ, ಆದರೆ ನಿಯಮ ಇನ್ನಷ್ಟು ಬಿಗಿ: ಮೀನು ಸಲೆರ್ನೊ ಪ್ರಾಂತ್ಯದ ಕರಾವಳಿಯದ್ದೇ ಆಗಿರಬೇಕು, ಮರದ ಪೀಪಾಯಿಯಲ್ಲಿ ಕನಿಷ್ಠ ಒಂಬತ್ತು ತಿಂಗಳು ಮಾಗಬೇಕು. ಇಂಥ ಗುರುತು ಬಂದ ಮೇಲೆ ಬೆಲೆ ಏರುತ್ತದೆ, ದಿಟ. ಬೆಲೆ ಏರಿದ್ದರಿಂದಲೇ ಕೈಕೆಲಸ ಉಳಿಯುವುದಾದರೆ ಕೊಳ್ಳುವವರು ಅದನ್ನು ತೆರುವುದು ನ್ಯಾಯ ಎಂದೇ ನಾನು ತಿಳಿಯುತ್ತೇನೆ.

ಅಡುಗೆಯಲ್ಲಿ ಇದರ ಬಳಕೆ ಸರಳ. ಸ್ಪಗೆಟ್ಟಿಯನ್ನು ಉಪ್ಪು ಹಾಕದ ನೀರಿನಲ್ಲಿ ಬೇಯಿಸಿ, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು, ಸ್ವಲ್ಪ ಒಣಮೆಣಸಿನೊಂದಿಗೆ ಕೆಲವೇ ಚಮಚ ರಸವನ್ನು ಬೆರೆಸುತ್ತಾರೆ. ರಸವನ್ನು ಮಾತ್ರ ಒಲೆಯ ಮೇಲಿಡುವುದಿಲ್ಲ. ಮಾಂಸ ತಿನ್ನದ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಈ ಊರಿನಲ್ಲಿ ಇದೇ ಆಗಬೇಕು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಬೇಯಿಸಿದ ಸೊಪ್ಪು, ಆಲೂಗಡ್ಡೆಗಳ ಮೇಲೂ ಇಲ್ಲಿ ಕೊಲತೂರ ಹನಿಸುವ ರೂಢಿಯಿದೆ, ನೋಡಿದರೆ ತಿಳಿಯುವುದಿಲ್ಲ. ಆದ್ದರಿಂದ ಬರಿಯ ತರಕಾರಿ ಎಂದುಕೊಳ್ಳದೆ ಕೇಳಿಯೇ ತಿನ್ನಬೇಕು. ಕೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಚೆತಾರದ ಇನ್ನೊಂದು ಮೀನು ಟ್ಯೂನಾ. ಮೆಡಿಟರೇನಿಯನ್ನಿನ ದೊಡ್ಡ ಟ್ಯೂನಾ ದೋಣಿಗಳ ಪಡೆಗಳಲ್ಲಿ ಈ ಊರಿನದ್ದೂ ಒಂದು. ಆದರೆ ಅಂತರರಾಷ್ಟ್ರೀಯ ಆಯೋಗ ನಿಗದಿಪಡಿಸುವ ಪಾಲಿನಷ್ಟೇ ಹಿಡಿಯಬೇಕು, ಹಿಡಿದದ್ದರಲ್ಲಿ ಹೆಚ್ಚಿನದು ಕೊಬ್ಬಿಸುವ ಪಂಜರಗಳ ಮೂಲಕ ಜಪಾನಿನ ಮಾರುಕಟ್ಟೆಗೆ ಹೋಗುತ್ತದೆ. ಹಣ ತರುವುದು ಆ ಮೀನೇ ಇರಬಹುದು. ಊರಿನ ಒಲೆಗೂ ಕೈಗೂ ಹತ್ತಿರವಾಗಿ ಉಳಿದಿರುವುದು ಮಾತ್ರ ಆಂಚೊವಿ.

ನೋಡಬಯಸುವವರಿಗೆ ನನ್ನ ಸಲಹೆ: ಅಗಲವಾದ ಮರಳಿನ ದಂಡೆ ಬೇಕಾದವರು ಬೇರೆ ಕಡೆ ಹೋಗಬೇಕು, ಇಲ್ಲಿನದು ಚಿಕ್ಕದು, ಆಗಸ್ಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೇ ಅಥವಾ ಜೂನ್ ತಿಂಗಳಲ್ಲಿ ಹೋಗಿ, ಒಂದು ರಾತ್ರಿಯಾದರೂ ತಂಗಿ, ಬೆಳಿಗ್ಗೆ ಬೇಗನೆ ಧಕ್ಕೆಗೆ ನಡೆದರೆ ದೋಣಿಗಳು ಮೀನು ಇಳಿಸುವುದು ಸಿಗುತ್ತದೆ. ಮಧ್ಯಾಹ್ನ ಅಂಗಡಿಗಳು ಮುಚ್ಚಿರುತ್ತವೆ, ಕಾರ್ಖಾನೆ ನೋಡಬೇಕಾದರೆ ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ರಸ ಹನಿಯುವುದನ್ನೇ ನೋಡಬೇಕೆನ್ನುವವರು ಡಿಸೆಂಬರಿನಲ್ಲಿ ಹೋಗಬೇಕು. ಆಗ ಪ್ರವಾಸಿ ದೋಣಿಗಳು ಓಡುವುದಿಲ್ಲ, ಸಲೆರ್ನೊದಿಂದ ಬಸ್ಸನ್ನೇ ಹಿಡಿಯಬೇಕು.