ವ್ಯಾನಿನ ಸೋಲಾರ್: ಪ್ಯಾನೆಲ್ ಕೊಳ್ಳುವ ಮೊದಲು ವೈರಿನ ಲೆಕ್ಕ

ಟೆಂಪೋ ಟ್ರಾವೆಲರನ್ನು ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗುವ ವ್ಯಾನು) ಮಾಡಿಸುವವರು ಮೊದಲು ಕೇಳುವುದೇ "ಎಷ್ಟು ವಾಟಿನ ಪ್ಯಾನೆಲ್ ಹಾಕಿಸಲಿ?" ಅಂತ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಪ್ಯಾನೆಲ್ ಎಷ್ಟೇ ದೊಡ್ಡದಿರಲಿ, ಅದು ಕೊಟ್ಟ ಕರೆಂಟು ಬ್ಯಾಟರಿಗೆ ಸರಿಯಾಗಿ ಮುಟ್ಟದಿದ್ದರೆ ಪ್ರಯೋಜನವಿಲ್ಲ.

ಮೊದಲು ಖರ್ಚು ಬರೆದುಕೊಳ್ಳಿ. 12 ವೋಲ್ಟಿನ 40 ಲೀಟರ್ ಕಂಪ್ರೆಸರ್ ಫ್ರಿಜ್ಜಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 450 ವಾಟ್-ಅವರ್ ಇಟ್ಟುಕೊಳ್ಳಿ. 25 ವಾಟಿನ ಫ್ಯಾನ್ 8 ಗಂಟೆ ತಿರುಗಿದರೆ 200. ಫೋನು, ಲ್ಯಾಪ್‌ಟಾಪಿಗೆ 150, ದೀಪ ಮತ್ತು ನೀರಿನ ಪಂಪಿಗೆ 75. ಒಟ್ಟು 875. 12.8 ವೋಲ್ಟ್, 100 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ. ಬಿಸಿಲಿಲ್ಲದೆ ಒಂದು ದಿನ ದಾಟಬಹುದು. ಇಂಡಕ್ಷನ್ ಒಲೆಯ ಆಸೆ ಬಿಡಿ, ಅಡುಗೆ ಗ್ಯಾಸಿನಲ್ಲೇ ಆಗಲಿ. ಮನೆಯ ಯುಪಿಎಸ್ಸಿನ ಟ್ಯೂಬುಲರ್ ಬ್ಯಾಟರಿಯನ್ನಂತೂ ಮಲಗುವ ಜಾಗದಲ್ಲಿ ಇಡಲೇಬೇಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ.

200 ವಾಟಿನ ಎರಡು ಪ್ಯಾನೆಲ್‌ಗಳು 5 ಗಂಟೆಯ ಪೂರ್ಣ ಬಿಸಿಲಿಗೆ, ಬಿಸಿ ಮತ್ತು ಧೂಳಿನ ನಷ್ಟ ಕಳೆದು, 1,400 ವಾಟ್-ಅವರ್ ಕೊಡುತ್ತವೆ. ಜುಲೈ ತಿಂಗಳ ಆಗುಂಬೆಯಲ್ಲಿ ಒಂದೂವರೆ ಗಂಟೆಯಷ್ಟು ಬಿಸಿಲು ಸಿಕ್ಕರೆ ಅದೇ ಪ್ಯಾನೆಲ್‌ಗಳಿಂದ 420. ಆಗ ಮೂರನೇ ಪ್ಯಾನೆಲ್ ಹಾಕಿಸಿದರೂ ಸಾಲದು. ಓಡುವಾಗ ಎಂಜಿನ್ನಿನ ಆಲ್ಟರ್ನೇಟರಿನಿಂದ (ಕರೆಂಟು ಮಾಡುವ ಯಂತ್ರ) ಬ್ಯಾಟರಿ ತುಂಬಿಸುವ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ಬೇಕು. ಬರೀ ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಹಾಕಿ ಲಿಥಿಯಂ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಅದು ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಸುಟ್ಟುಹೋಗಬಹುದು.

ಈಗ ವೈರು. ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಹದಮಾಡಿ ಕೊಡುವ ಚಾರ್ಜ್ ಕಂಟ್ರೋಲರ್ ಬ್ಯಾಟರಿಯಿಂದ 3 ಮೀಟರ್ ದೂರದಲ್ಲಿದೆ, 6 ಸ್ಕ್ವೇರ್ ಎಂಎಂ ತಾಮ್ರದ ವೈರು, 30 ಆಂಪ್ ಹರಿಯುತ್ತಿದೆ ಅಂದುಕೊಳ್ಳಿ. ಹೋಗಿ ಬರುವ 6 ಮೀಟರಿನಲ್ಲಿ ಅರ್ಧ ವೋಲ್ಟ್ ಬೀಳುತ್ತದೆ. ಕಂಟ್ರೋಲರಿನಲ್ಲಿ 14.4 ಇದ್ದಾಗ ಬ್ಯಾಟರಿಯ ಟರ್ಮಿನಲ್ಲಿನಲ್ಲಿ 13.9. ಬ್ಯಾಟರಿ ತುಂಬುತ್ತಾ ಬಂತೆಂದು ಕಂಟ್ರೋಲರ್ ಬೇಗನೇ ಕರೆಂಟು ಇಳಿಸಿಬಿಡುತ್ತದೆ, ಒಳ್ಳೆಯ ಬಿಸಿಲು ವ್ಯರ್ಥವಾಗುತ್ತದೆ. ಕಂಟ್ರೋಲರನ್ನು ಬ್ಯಾಟರಿಯಿಂದ ಒಂದು ಮೀಟರಿನೊಳಗೆ ಇಟ್ಟು 16 ಸ್ಕ್ವೇರ್ ಎಂಎಂ ಎಳೆದರೆ ಈ ನಷ್ಟ 0.1 ವೋಲ್ಟಿಗಿಂತ ಕಡಿಮೆ. ಬ್ಯಾಟರಿಯ ಪಕ್ಕದಲ್ಲೇ 40 ಆಂಪ್ ಫ್ಯೂಸ್ ಇರಲಿ. ಮನೆ ವೈರಿಂಗಿನ ಒಂಟಿ ಎಳೆಯ ವೈರು ವ್ಯಾನಿನ ಅದುರಾಟಕ್ಕೆ ಒಳಗೇ ಮುರಿಯುತ್ತದೆ. ಸಣ್ಣ ಎಳೆಗಳ ವೈರನ್ನೇ ಬಳಸಿ, ವೈರಿನ ತುದಿಗೆ ಹಾಕುವ ಲೋಹದ ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ.

ಎರಡು ಪ್ಯಾನೆಲ್‌ಗಳನ್ನು ಸೀರೀಸಿನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ) ಜೋಡಿಸಿದರೆ ಚಾವಣಿಯಿಂದ ಇಳಿಯುವುದು ಸುಮಾರು 10 ಆಂಪ್ ಮಾತ್ರ, ಅಲ್ಲಿಗೆ 6 ಸ್ಕ್ವೇರ್ ಎಂಎಂ ಧಾರಾಳ. 100 ವೋಲ್ಟ್, 30 ಆಂಪಿನ ಎಂಪಿಪಿಟಿ (ಪ್ಯಾನೆಲ್ಲಿನಿಂದ ಸಿಗುವಷ್ಟು ಹೆಚ್ಚು ಶಕ್ತಿ ಎಳೆಯುವ) ಕಂಟ್ರೋಲರ್ ಸಾಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಈ ಕ್ರಮ ತಪ್ಪಿದರೆ ಕೆಲವು ಕಂಟ್ರೋಲರುಗಳು ಸಿಸ್ಟಮ್ ವೋಲ್ಟೇಜನ್ನು ತಪ್ಪಾಗಿ ಗುರುತಿಸುತ್ತವೆ, ಕೆಲವು ಸುಟ್ಟೇ ಹೋಗುತ್ತವೆ. ಸೆಟ್ಟಿಂಗಿನಲ್ಲಿ ಚಾರ್ಜಿಂಗ್ ವೋಲ್ಟೇಜ್ 14.2ರಿಂದ 14.4, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 13.5 ಇಟ್ಟು, ಈಕ್ವಲೈಸೇಷನ್ (ಸೀಸದ ಬ್ಯಾಟರಿಗೆಂದು ವೋಲ್ಟೇಜ್ ಏರಿಸುವ ವ್ಯವಸ್ಥೆ) ಆಫ್ ಮಾಡಿ.

ಚಾವಣಿಗೆ ಅಂಟಿಸುವ ತೆಳು ಪ್ಯಾನೆಲ್ ನೋಡಲು ಚೆಂದ, ಆದರೆ ಕೆಳಗೆ ಗಾಳಿಯಾಡದು. ಪ್ಯಾನೆಲ್ 65 ಡಿಗ್ರಿಗೆ ಕಾದರೆ ಸುಮಾರು 14 ಶೇಕಡಾ ಶಕ್ತಿ ಹೋಗುತ್ತದೆ. ಗಾಜಿನ ಪ್ಯಾನೆಲ್ಲನ್ನು ಅಲ್ಯೂಮಿನಿಯಂ ಪಟ್ಟಿಯ ಮೇಲೆ 4 ಸೆಂ.ಮೀ. ಎತ್ತರಿಸಿ ಕೂರಿಸುವುದೇ ಒಳ್ಳೆಯದು. ಡಿಸೆಂಬರಿನಲ್ಲಿ ಶಿರಸಿಯ ಮಧ್ಯಾಹ್ನದ ಸೂರ್ಯ 52 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ದಕ್ಷಿಣಕ್ಕೆ ಇಳಿಜಾರಿರುವ ಜಾಗ ಸಿಕ್ಕರೆ ಅಲ್ಲೇ ನಿಲ್ಲಿಸಿ.

ಪ್ಯಾನೆಲ್ಲನ್ನು ಬೆಳಿಗ್ಗೆ, ಗಾಜು ತಣ್ಣಗಿರುವಾಗ ತೊಳೆಯಿರಿ. ಹಕ್ಕಿಯ ಹಿಕ್ಕೆ ಒಂದು ಸೆಲ್ಲನ್ನು ಮುಚ್ಚಿದರೂ ಆ ಜಾಗ ಕಾದು ಹಾಳಾಗಬಹುದು. ಘಟ್ಟದ ರಸ್ತೆಯಲ್ಲಿ ಓಡಿಸಿದ ಮೇಲೆ, ಫ್ಯಾನು ಫ್ರಿಜ್ಜು ನಡೆಯುತ್ತಿರುವಾಗ 12 ವೋಲ್ಟಿನ ಲಗ್ಗುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಅದು ಸಡಿಲ. ಬಿಗಿ ಮಾಡುವ ಮೊದಲು ಎಲ್ಲ ಆಫ್ ಮಾಡಿ. ವೋಲ್ಟ್ ನೋಡಿ ಚಾರ್ಜ್ ಎಷ್ಟಿದೆ ಎಂದು ಊಹಿಸಬೇಡಿ, ಲಿಥಿಯಂ ಬ್ಯಾಟರಿ 40 ಶೇಕಡಾ ಇದ್ದರೂ 70 ಇದ್ದರೂ 13.2ರ ಆಸುಪಾಸೇ ತೋರಿಸುತ್ತದೆ. ಬ್ಯಾಟರಿಗೆ ಹೋಗಿ ಬರುವ ಕರೆಂಟನ್ನು ಅಳೆಯುವ ಶಂಟ್ ಇರುವ ಮೀಟರ್ ಬೇಕು, ಅದರ ಲೆಕ್ಕ ಸರಿಹೋಗಲು ವಾರಕ್ಕೊಮ್ಮೆ ಬ್ಯಾಟರಿ ಪೂರ್ತಿ ತುಂಬಬೇಕು.

ತಿಂಗಳುಗಟ್ಟಲೆ ವ್ಯಾನು ಶೆಡ್ಡಿನಲ್ಲೇ ನಿಲ್ಲುವುದಾದರೆ 50–60 ಶೇಕಡಾ ಚಾರ್ಜ್ ಉಳಿಸಿ, ಪ್ಯಾನೆಲ್ಲಿನ ಸ್ವಿಚ್ ಮೊದಲು ಆರಿಸಿ, ನಂತರ ಬ್ಯಾಟರಿಯದ್ದು.